ಸಭೆಗೆ ಬಂದವಳು ಒಬ್ಬಳೇ

ತೆರಕಣಾಂಬಿಯಾಚೆಯ ಪುಟ್ಟ ಊರೊಂದರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಪೋಷಕರ ಶಾಲಾಭಿವೃದ್ಧಿ ಸಮಿತಿಗೆ, ಪುಟ್ಟಮಲ್ಲಮ್ಮ ಅಧ್ಯಕ್ಷೆ. ಚಾಮರಾಜನಗರದ ಶಿಕ್ಷಣ ಇಲಾಖೆ ಕಚೇರಿಗೆ ನಾಲ್ಕು ಸಲ ಅಲೆದು, ಸೋರುತ್ತಿದ್ದ ಸೂರನ್ನು ರಿಪೇರಿ ಮಾಡಿಸಿದ್ದಳು. ಆದರೆ ಈ ಜೂನಿನಲ್ಲಿ ಗುಂಡ್ಲುಪೇಟೆಯ ಖಾಸಗಿ ಶಾಲೆಯೊಂದರ ವ್ಯಾನು ಊರೊಳಗೆ ಬರತೊಡಗಿತು. ಸಮಿತಿಯ ಸಭೆಗೆ ಬಂದವಳು ಅವಳೊಬ್ಬಳೇ.

“ಮಿಕ್ಕೋರೆಲ್ಲ ಎಲ್ಲಿ ಸಾ?”

ಗುರುಸ್ವಾಮಿ ಮೇಷ್ಟರು ತಲೆ ತಗ್ಗಿಸಿದರು. “ಎಲ್ರೂ ಮಕ್ಕಳ ಟಿಸಿ ತಗೊಂಡ್ರಮ್ಮ. ಮಗು ಇಲ್ಲಿ ಓದದಿದ್ರೆ ಸಮಿತೀಲಿ ಇರೋ ಹಾಗಿಲ್ಲ. ಈಗ ಉಳಿದಿರೋದು ನಿಮ್ಮ ಶಿವರಂಜಿನಿ ಒಬ್ಬಳೇ.”

ಪುಟ್ಟಮಲ್ಲಮ್ಮ ನೆಟ್ಟಗೆ ಗೆಳತಿ ನಾಗರತ್ನಳ ಮನೆಗೆ ಹೋದಳು. ಸಮಿತಿಯಲ್ಲಿ ಸದಾ ಅವಳ ಬೆನ್ನಿಗೆ ನಿಂತವಳು ನಾಗರತ್ನ.

“ನೀನೂವೆ ಒಂದ್ ಮಾತ್ ಯೋಳ್ದೆ ಬುಡಿಸ್ಬುಟ್ಯಲ್ಲಮ್ಮಿ!”

“ಎಲ್ಲಾರ್ ಮಕ್ಳೂ ವ್ಯಾನ್ ಅತ್ತುದ್ಮೇಲೆ ನನ್ ಮಗ ಒಬ್ನೇ ಏನ್ ಮಾಡಾನು ಕಣಕ್ಕ?” ಎಂದ ನಾಗರತ್ನ ಮುಖ ತಿರುಗಿಸಿಕೊಂಡಳು.

ಹದಿನೈದು ದಿನ ಪುಟ್ಟಮಲ್ಲಮ್ಮ ಹಟ ಬಿಡಲಿಲ್ಲ. ಶಿವರಂಜಿನಿ ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತು ಮಗ್ಗಿ ಹೇಳಿದಳು. ಒಂದು ಸಂಜೆ, “ಆಟಕ್ಕೂ ಯಾರೂ ಇಲ್ಲ ಕಣವ್ವ,” ಎಂದು ಅತ್ತುಬಿಟ್ಟಳು.

ಮರುದಿನ ಪುಟ್ಟಮಲ್ಲಮ್ಮನೂ ಟಿಸಿಗೆ ಸಹಿ ಹಾಕಿದಳು. ಮೇಷ್ಟರು ಶಾಲೆಗೆ ಬೀಗ ಹಾಕಿದರು. ಮಗಳನ್ನು ತೆರಕಣಾಂಬಿಯ ಸರ್ಕಾರಿ ಶಾಲೆಗೆ ಸೇರಿಸಿ ಹಿಂತಿರುಗುವಾಗ, ದಾರಿಯುದ್ದಕ್ಕೂ ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು.