ಯಂತ್ರದ ಪಾಸ್‌ವರ್ಡ್‌ಗೆ ವಾಯಿದೆ ಬೇಡ

ಕೋಳಿಮರಿ ಕೇಂದ್ರದ ಬಾಗಿಲು ತೆಗೆದ ಕೂಡಲೇ ಯಜಮಾನನ ಹೆಂಡತಿಯ ಮುಖಕ್ಕೆ ಧಗೆ ಹೊಡೆಯಿತು. ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಫ್ಯಾನ್ ನಿಂತುಹೋಗಿತ್ತು. ಮರಿಗಳು ಇನ್ನೇನು ಹೊರಬರುವ ಹೊತ್ತು!

"ರೀ, ಬೇಗ ಬನ್ನಿ! ಮರಿಗಳು ಬೆಂದುಹೋಗ್ತವೆ!"

ಯಜಮಾನ ಎದ್ದೂಬಿದ್ದೂ ಓಡಿಬಂದ. ಇಬ್ಬರೂ ಪೆಟ್ಟಿಗೆ ತೆರೆದು ಗಾಳಿ ಆಡಿಸಿದರು, ಫ್ಯಾನಿನ ಹರಿದ ಬೆಲ್ಟ್ ಬದಲಾಯಿಸಿದರು. ಶಾಖ ಇಳಿಯಿತು. ಆಮೇಲೆ ಅವನು ಜೇಬಿನಿಂದ ಫೋನ್ ತೆಗೆದು ನೋಡಿದ.

"ಬಿಸಿ ಜಾಸ್ತಿಯಾದ್ರೆ ನನ್ನ ಫೋನಿಗೆ ಸಂದೇಶ ಬರ್ಬೇಕಿತ್ತಲ್ಲ?"

ಕೇಂದ್ರದ ಕಂಪ್ಯೂಟರ್‌ಗಳ ಉಸ್ತುವಾರಿ ಅವನ ತಂಗಿಯದು. ಅವಳು ಕೂತು ಹುಡುಕಿದಳು.

"ಸಿಕ್ತು ಅಣ್ಣ! ಸಂದೇಶ ಕಳಿಸೋ ತಂತ್ರಾಂಶಕ್ಕೂ ನಮ್ಮ ಹಾಗೇ ಒಂದು ಖಾತೆ ಇದೆ. ಅದರ ಪಾಸ್‌ವರ್ಡ್ ಅವಧಿ ಮುಗಿದಿದೆ. ಖಾತೆಗೆ ಬೀಗ ಬಿದ್ದಿದೆ."

"ನನ್ನದೂ ಮುಗಿಯತ್ತೆ. ಹೊಸದು ಹಾಕ್ತೀನಪ್ಪ. ಅದಕ್ಕೇನು ದಾಡಿ?"

"'ಬದಲಾಯಿಸಿ' ಅಂತ ತೆರೆ ಮೇಲೆ ಬಂದ್ರೆ ನೀನು ಗೊಣಗ್ತಾ ಬದಲಾಯಿಸ್ತೀಯ. ಅದರ ಪರವಾಗಿ ಓದೋರು ಯಾರು? ಕೋಳೀನಾ?"

ಅತ್ತಿಗೆ ಕಿಸಕ್ಕನೆ ನಕ್ಕಳು.

"ಆ ಒಂದು ಖಾತೆಗೆ ಮಾತ್ರ 'ಅವಧಿ ಮುಗಿಯೋದು ಬೇಡ' ಅಂತ ಹಾಕ್ತೀನಿ."

"ಬೇಡಮ್ಮ! ಆ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದ್ರೆ ಸದಾ ಬಾಗಿಲು ತೆಗೆದಿಟ್ಟ ಹಾಗೆ."

"ನಿನ್ನ ಭಯ ಸರೀನೇ. ಅದಕ್ಕೇ ಬಂದೋಬಸ್ತು ಮಾಡೋಣ. ಪಾಸ್‌ವರ್ಡ್ ಮಾರುದ್ದ ಇರ್ಲಿ, ಯಾರ ಊಹೆಗೂ ಸಿಗ್ಬಾರ್ದು. ಖಾತೆ ಶಾಖ ನೋಡ್ಲಿ, ಸಂದೇಶ ಕಳಿಸ್ಲಿ, ಬೇರೆಲ್ಲೂ ಕೈ ಹಾಕೋ ಹಾಗಿಲ್ಲ. ಮನುಷ್ಯರು ಯಾರೂ ಅದರಲ್ಲಿ ಲಾಗಿನ್ ಆಗೋ ಹಾಗಿಲ್ಲ. ಗುಟ್ಟು ಬಯಲಾದ ಅನುಮಾನ ಬಂದ್ರೆ, ಇಲ್ಲಾ ಅದು ಗೊತ್ತಿದ್ದೋರು ಕೆಲಸ ಬಿಟ್ರೆ, ಆವಾಗ ನಾವೇ ಬದಲಾಯಿಸೋಣ."

ಅಣ್ಣನ ಮುಖ ಅರಳಿತು. "ಹಾಗಾದ್ರೆ ನನ್ನ ಖಾತೆಗೂ ಹಾಕ್ಬಿಡು!"

"ಆಸೆ ನೋಡು! ಊರೆಲ್ಲಾ ಕೇಳೋ ಹಾಗೆ ಪಾಸ್‌ವರ್ಡ್ ಹೇಳ್ಕೊಳ್ಳೋನು ನೀನು. ನಿನಗಿಲ್ಲ."

ಖಾತೆ ಸರಿಪಡಿಸಿ, ತಂಗಿ ಬಿಸಿನೀರಿನ ಲೋಟವನ್ನು ಶಾಖಮಾಪಕಕ್ಕೆ ತಾಗಿಸಿದಳು. ಯಜಮಾನನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು!

"ಬಂತು! ಬಂತು ಕಣೇ!" ಎಂದು ಅವನು ಕುಣಿದುಬಿಟ್ಟ.

ಸಂಜೆಗೆ ಅತ್ತಿಗೆ ಕೂಗಿದಳು: "ಇಲ್ಲಿ ಬನ್ನಿ, ಮೊಟ್ಟೆ ಒಡೀತಿದೆ!" ಚಿಪ್ಪಿನಿಂದ ಒದ್ದೆಯಾದ ಪುಟ್ಟ ಕೊಕ್ಕು ಇಣುಕಿತು. ಕೆಲವು ಮೊಟ್ಟೆಗಳು ಉಳಿಯಲಿಲ್ಲ. ಆದರೆ ಕತ್ತಲಾಗುವಷ್ಟರಲ್ಲಿ ಪೆಟ್ಟಿಗೆಯ ತುಂಬ ಚಿಂವ್‌ಗುಟ್ಟುವ ಸದ್ದು.

ನಿಮ್ಮ ಕಚೇರಿಯಲ್ಲೂ, ಕಾರ್ಖಾನೆಯಲ್ಲೂ ಯಂತ್ರಗಳ ಪರವಾಗಿ ಸದ್ದಿಲ್ಲದೆ ದುಡಿಯುವ ಖಾತೆಗಳಿರುತ್ತವೆ. ಅವು ಯಾವುವು, ಪಾಸ್‌ವರ್ಡ್ ಅವಧಿ ಯಾವಾಗ ಮುಗಿಯುತ್ತದೆ ಎಂದು ಉಸ್ತುವಾರಿಯವರನ್ನು ಕೇಳಿ. ನಿಜಕ್ಕೂ ಬೇಕಾದ ಖಾತೆಗೆ ಮಾತ್ರ ವಿನಾಯಿತಿ ಕೊಡಿಸಿ, ಅದಕ್ಕೆ ತಕ್ಕ ಕಾವಲನ್ನೂ ಹಾಕಿಸಿ. ಇವತ್ತೇ ಕೇಳಿ!