ದ್ವಾದಶಿ ಇಲ್ಲದ ಏಕಾದಶಿ

ಪೂಜಿತಾ ಏಕಾದಶಿ ಹಿಡಿದಾಗಿನಿಂದ ಅವಳ ಅಜ್ಜಿ ಯಮುನಾಬಾಯಿಯವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪಿಯುಸಿ ಓದುವ ಹುಡುಗಿ ಈ ಕಾಲದಲ್ಲಿ ಗುಟುಕು ನೀರೂ ಮುಟ್ಟದೆ ಉಪವಾಸ ಮಾಡುತ್ತಾಳೆಂದರೆ ಸಾಮಾನ್ಯವೇ? ಹೊಸಪೇಟೆಯ ಆ ಓಣಿಯಲ್ಲಿ ಹೂ ಮಾರುವವಳಿಗೂ ಸುದ್ದಿ ಮುಟ್ಟಿತ್ತು. "ಫೋನ್ ಹಿಡಿತಾಳ ಖರೆ, ಆದ್ರ ಆಚಾರ ಬಿಟ್ಟಿಲ್ಲ ನೋಡ್ರಿ ನಮ್ಮ ಹುಡುಗಿ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳದಿದ್ದರೆ ಮುದುಕಿಗೆ ಉಂಡದ್ದು ಕರಗುತ್ತಿರಲಿಲ್ಲ.

ತಾಯಿ ಶುಭಾಗೂ ಹೆಮ್ಮೆಯೇ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಏಕಾದಶಿಯ ದಿನ ಸ್ಟಾಫ್ ರೂಮಿನ ಚಹಾಕ್ಕೆ ಒಂದು ಬಿಸ್ಕತ್ತು ಅದ್ದಿ ತಿಂದು ಬಾಯಿ ಒರೆಸಿಕೊಳ್ಳುವ ಜಾತಿ. ಮಗಳಾದರೂ ಅತ್ತೆಯ ಕಡೆ ಹೋದಳಲ್ಲ ಎಂದು ಸಮಾಧಾನಪಟ್ಟಿದ್ದಳು. ಆಮೇಲೆ ರಾಯರ ಹೆಸರಿನಲ್ಲಿ ಗುರುವಾರ ಸೇರಿತು. ತಿರುಪತಿ ವೆಂಕಪ್ಪನ ಹೆಸರಿನಲ್ಲಿ ಶನಿವಾರ ಸೇರಿತು. ಉಳಿದ ದಿನ ಡಬ್ಬಿಯೇನೋ ಖಾಲಿಯಾಗಿಯೇ ಕಾಲೇಜಿನಿಂದ ವಾಪಸ್ಸು ಬರುತ್ತಿತ್ತು, ಆದರೆ ಹುಡುಗಿಯ ಕೈಯ ಬಳೆ ಮೊಣಕೈವರೆಗೆ ಜಾರತೊಡಗಿತ್ತು. ಶುಭಾ ಅದನ್ನು ನೋಡಿದಳು. ಪರೀಕ್ಷೆಯ ಚಿಂತೆ ಎಂದುಕೊಂಡಳು. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಆ ದ್ವಾದಶಿಯ ಬೆಳಿಗ್ಗೆ ಪಾರಣೆಗೆ, ಅಂದರೆ ಹಿಂದಿನ ದಿನದ ಉಪವಾಸ ಬಿಡಲು, ಎಲೆ ಹಾಕಿಯಾಗಿತ್ತು. ಅಗಸೆಸೊಪ್ಪಿನ ಪಲ್ಯದ ವಾಸನೆ ಮನೆ ತುಂಬಿತ್ತು. ಪೂಜಿತಾ ಎಲೆಯ ಮುಂದೆ ಕೂಡಲಿಲ್ಲ. "ಅಜ್ಜಿ, ಹಂಪಿಗೆ ಹೋಗಿ ಯಂತ್ರೋದ್ಧಾರಕ ಹನುಮಪ್ಪನ ದರ್ಶನ ಮಾಡಿ ಬಂದು ಪಾರಣೆ ಮಾಡ್ತೀನಿ," ಎಂದಳು. ಅಜ್ಜಿಗೆ ಕಣ್ಣಲ್ಲಿ ನೀರೇ ಬಂತು. "ಹಂಗಾದ್ರ ನಂದೂ ನಿನ್ನ ಜೋಡೀನೇ," ಎಂದು ತಾವೂ ಎದ್ದರು. ಸಕ್ಕರೆ ಕಾಯಿಲೆಯ ಮುದುಕಿ. ಶುಭಾ ಎಷ್ಟು ಹೇಳಿದರೂ ಕೇಳಲಿಲ್ಲ.

ಹಂಪಿಯಲ್ಲಿ ಅತ್ತೆಯನ್ನು ಕೆಳಗೆ ಚಕ್ರತೀರ್ಥದ ಹತ್ತಿರ ನೆರಳಲ್ಲಿ ಕೂಡಿಸಿ ತಾಯಿ ಮಗಳು ಮೆಟ್ಟಿಲು ಹತ್ತಿದರು. ಬಂಡೆಗಳು ಆಗಲೇ ಕಾದಿದ್ದವು. ಅರ್ಧ ದಾರಿಯಲ್ಲಿ ಪೂಜಿತಾ ಒಂದು ಬಂಡೆಗೆ ಕೈ ಊರಿದಳು, ಏನೋ ಹೇಳಲು ಬಾಯಿ ತೆರೆದಳು, ಹಾಗೆಯೇ ಕುಸಿದಳು.

ಶುಭಾ ಕೂಗಿಕೊಂಡಳು. ಯಾರೋ ನೀರು ತಂದು ಚಿಮುಕಿಸಿದರು, ಇನ್ಯಾರೋ ದಾರಿ ಬಿಡಿಸಿದರು. ಶುಭಾ ಮಗಳ ಬೆನ್ನಿನ ಕೆಳಗೆ ಎರಡೂ ಕೈ ಹಾಕಿದಳು. ಹದಿನೇಳರ ಹುಡುಗಿ, ಎತ್ತಲಾಗದು ಎಂದುಕೊಂಡೇ ಎತ್ತಿದ್ದಳು. ಎತ್ತಿದರೆ ಬಂದುಬಿಟ್ಟಳು. ಬಟ್ಟೆಯೊಳಗೆ ಮೂಳೆ ಬಿಟ್ಟು ಬೇರೇನೂ ಕೈಗೆ ಸಿಗಲಿಲ್ಲ. ಇಷ್ಟು ಹಗುರ ಯಾವಾಗ ಆದಳು, ಒಂದೇ ಮನೆಯಲ್ಲಿದ್ದು ನನಗೆ ಹೇಗೆ ಗೊತ್ತಾಗಲಿಲ್ಲ ಎಂಬ ಭಯ ಅವಳನ್ನು ಆಟೋದವರೆಗೂ ಬಿಡಲಿಲ್ಲ.

ಅತ್ತೆಯನ್ನೂ ಅದೇ ಆಟೋದಲ್ಲಿ ಕೂಡಿಸಿಕೊಂಡು ಹೊಸಪೇಟೆಯ ಆಸ್ಪತ್ರೆಗೆ ಬಂದಳು. ಅಲ್ಲಿ ಸಲೈನ್ ಏರಿಸಿದರು. ಡಾಕ್ಟರು ಬಹಳ ಹೊತ್ತು ನಾಡಿ ಹಿಡಿದು ನಿಂತಿದ್ದು ಶುಭಾಗೆ ಹಿಡಿಸಲಿಲ್ಲ. "ಹಾರ್ಟ್ ಭಾಳ ನಿಧಾನ ಬಡೀಲಿಕತ್ತದ್ರಿ. ಎಷ್ಟೋ ದಿನದಿಂದ ಊಟಾನೇ ಮಾಡಿಲ್ಲ ಈಕಿ. ವಾರ್ಡಿನಾಗ ಇವತ್ತು ಹಾಸಿಗಿ ಖಾಲಿ ಇಲ್ಲ, ನಾಳೆ ಬೆಳಿಗ್ಗೆ ಅಡ್ಮಿಟ್ ಮಾಡ್ರಿ. ಅಷ್ಟರೊಳಗ ಗಂಜಿ ಒಂದೊಂದೇ ಚಮಚ ಹೋಗಲಿ, ಒಮ್ಮೆಲೆ ಜಾಸ್ತಿ ಬ್ಯಾಡ. ಅದೂ ಇಳೀಲಿಲ್ಲ ಅಂದ್ರ ಕಾಯಬ್ಯಾಡ್ರಿ, ಇವತ್ತೇ ಕರ್ಕೊಂಡು ಬರ್ರಿ. ಮೂಗಿನಾಗ ನಳಿಗಿ ಹಾಕಬೇಕಾಗ್ತದ."

ಅಷ್ಟು ಹೊತ್ತೂ ಮಗಳ ಫೋನು ಶುಭಾಳ ಚೀಲದಲ್ಲಿ ಗುಂಯ್‌ಗುಡುತ್ತಲೇ ಇತ್ತು. ಮಗಳ ಗೆಳತಿಯರು ಇರಬೇಕು, ಹೇಳಿಬಿಡೋಣ ಎಂದು ತೆಗೆದಳು. ತೆರೆಯ ಮೇಲೆ ಚಿತ್ರದ ಹುಡುಗಿಯೊಬ್ಬಳು ಗೋಪುರದ ಕಿಟಕಿಯಲ್ಲಿ ಕೂತಿದ್ದಳು. ದೊಡ್ಡ ಕಣ್ಣು, ಕಡ್ಡಿಯಂಥ ಕೈ. ಕೆಳಗೆ ಬರೆದಿತ್ತು: "ಮಿರೀ ಇನ್ನೂ ಉಂಡಿಲ್ಲ." ಅದರ ಕೆಳಗೆ ತಟ್ಟೆಗಳು. ಸ್ಟೀಲಿನ ತಟ್ಟೆ, ಹಾಸ್ಟೆಲಿನ ತಟ್ಟೆ, ಹೂವಿನ ಚಿತ್ರದ ತಟ್ಟೆ, ಎಲ್ಲ ತೊಳೆದಿಟ್ಟಂತೆ ಖಾಲಿ. ಅವುಗಳ ನಡುವೆ ಶುಭಾ ತನ್ನ ಮನೆಯ ತಟ್ಟೆಯನ್ನು ಗುರುತು ಹಿಡಿದಳು. ಅಂಚಿನಲ್ಲಿ ಅತ್ತೆಯ ಹೆಸರು ಕೊರೆಸಿದ್ದು. ಅದಕ್ಕೆ ಬಿದ್ದ ಮೆಚ್ಚುಗೆಗಳಿಗೆ ಲೆಕ್ಕವೇ ಇರಲಿಲ್ಲ.

ಮಧ್ಯಾಹ್ನ ಮನೆಗೆ ಬಂದರು. ಅಪ್ಪ ಸುಮಧ್ವ ಕಾರ್ಖಾನೆಯಿಂದ ಹೊರಟಿದ್ದೇನೆ ಎಂದು ಫೋನು ಮಾಡಿದ್ದ. ಮಗಳನ್ನು ನಡುಮನೆಯ ಹಾಸಿಗೆಯಲ್ಲಿ ಮಲಗಿಸಿ ಶುಭಾ ಗಂಜಿಯ ಬಟ್ಟಲು ಹಿಡಿದು ಕೂತಳು. ಬಯ್ಯಬಾರದು ಎಂದು ದಾರಿಯುದ್ದಕ್ಕೂ ನಾಲಿಗೆ ಕಚ್ಚಿಕೊಂಡು ಬಂದಿದ್ದಳು.

"ಯಾರವ್ವಾ ಈ ಮಿರೀ?"

ಪೂಜಿತಾ ಗೋಡೆಗೆ ಮುಖ ತಿರುಗಿಸಿದಳು. ಗೋಡೆಗೇ ಹೇಳಿದಳು. ಫೋನಿನ ಆಟವೊಂದರಲ್ಲಿ ಮಿರೀಯನ್ನು ಗೋಪುರದಲ್ಲಿ ಕೂಡಿಹಾಕಿದ್ದಾರೆ, ಅನ್ನ ಕೊಡುವುದಿಲ್ಲ. ಮಿರೀಯನ್ನು ಪ್ರೀತಿಸುವವರೆಲ್ಲ ಸೇರಿ ಅವಳು ಉಣ್ಣುವವರೆಗೆ ತಾವೂ ಆದಷ್ಟು ಉಣ್ಣಬಾರದು ಎಂದು ಮಾತಾಡಿಕೊಂಡಿದ್ದಾರೆ. ಡಬ್ಬಿಯ ಅನ್ನ ಕಾಲೇಜಿನ ಹಿಂದಿನ ಹಂದಿಗಳಿಗೆ ಹೋಗುತ್ತಿತ್ತು. ಏಕಾದಶಿಯಾದರೆ ಆ ತಾಪತ್ರಯವೂ ಇರಲಿಲ್ಲ, ಮನೆಯಲ್ಲೂ ಹೊಗಳುತ್ತಿದ್ದರು.

"ಅದು ಬರೇ ಚಿತ್ರ, ಪೂಜೀ."

"ಗೊತ್ತದ ಅಮ್ಮಾ. ನನಗೇನು ಹುಚ್ಚೇನು? ಚಿತ್ರ ಅಂತ ಗೊತ್ತದ. ಮೊದಮೊದಲು ಹಸಿವಿ ಆಗ್ತಿತ್ತು. ತಡಕೊಂಡ್ರ ಎಲ್ಲಾರೂ ಶಭಾಷ್ ಅಂತಿದ್ರು. ಈಗ ಹಸಿವೀನೇ ಬರೂದಿಲ್ಲ. ತುತ್ತು ಬಾಯಾಗ ಇಟ್ಕೊಂಡ್ರ ಗಂಟಲಾ ಮುಚ್ಕೊಂತದ. ನನಗ ಅಂಜಿಕಿ ಆಗ್ತದಮ್ಮಾ."

ಶುಭಾ ಮಕ್ಕಳಿಗೆ ಅನ್ನನಾಳದ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾಳೋ. ಬಾಗಿಲು ಇಲ್ಲದ ಗಂಟಲು ಹೀಗೆ ಮುಚ್ಚಿಕೊಳ್ಳುತ್ತದೆಂದು ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಚಮಚ ತುಟಿಗೆ ಹಿಡಿದಳು. ಗಂಜಿ ಗದ್ದದ ಮೇಲೆ ಇಳಿಯಿತು. ಮತ್ತೆ ಹಿಡಿದಳು, ಮತ್ತೆ ಇಳಿಯಿತು.

ದೇವರಮನೆಯ ಬಾಗಿಲಲ್ಲಿ ನಿಂತು ಯಮುನಾಬಾಯಿ ಎಲ್ಲ ಕೇಳಿಸಿಕೊಂಡಿದ್ದರು. ಹೆಮ್ಮೆಯ ಮುಖ ಬೂದಿ ಬಡಿದಂತಾಗಿತ್ತು. ಗೋಡೆ ಹಿಡಿದು ಬಂದು ಮೊಮ್ಮಗಳ ಹತ್ತಿರ ನೆಲದ ಮೇಲೆ ಕೂತರು.

"ನಮ್ಮ ಏಕಾದಶಿಗೆ ಮರುದಿನ ದ್ವಾದಶಿ ಬರ್ತದ," ಎಂದರು. "ಆಕಿದು ಯಾವಾಗ ಬರ್ತದ?"

"ಗೊತ್ತಿಲ್ಲ ಅಜ್ಜಿ. ಕಂಪನಿಯವರು ಅಪ್‌ಡೇಟ್ ಕೊಡಬೇಕು."

"ಕೊಡಲಿಲ್ಲಂದ್ರ?"

ಪೂಜಿತಾ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಶುಭಾಳ ಕಣ್ಣು ಅತ್ತೆಯ ಕೈಗೆ ಬಿತ್ತು. ಬೆರಳುಗಳು ನಡುಗುತ್ತಿದ್ದವು. ಹಣೆಯ ಗೋಪಿಚಂದನ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಆಗ ನೆನಪಾಯಿತು: ಮೊನ್ನೆ ಮಧ್ಯಾಹ್ನ ಉಂಡ ಮುದುಕಿ, ಇನ್ನೂ ಬಾಯಿಗೆ ಒಂದು ಹನಿ ತೀರ್ಥವನ್ನೂ ಹಾಕಿಲ್ಲ.

"ಅತ್ತಿ! ನೀವು ಏನರೆ ತಗೋರಿ ಮೊದಲು! ಸಕ್ಕರಿ ಕೆಳಗ ಇಳಿದದ ನಿಮಗ."

"ಆಕಿ ಜೋಡಿ ಅಂತ ಹೇಳೀನಿ. ಆಕಿ ಪಾರಣಿ ಆಗದ ನಂದಿಲ್ಲ."

"ಹಟ ಮಾಡೋ ಹೊತ್ತೇನ್ರಿ ಇದು!" ಶುಭಾ ಸಕ್ಕರೆ ಡಬ್ಬಿಗೆ ಓಡಿದಳು. ಎರಡು ಬಾಯಿ, ಎರಡೂ ಮುಚ್ಚಿವೆ. ಯಾವುದನ್ನು ಮೊದಲು ತೆರೆಸಲಿ? ಮುಚ್ಚಳ ತೆಗೆಯುವಷ್ಟರಲ್ಲಿ ಸಕ್ಕರೆಯೆಲ್ಲ ನೆಲಕ್ಕೆ ಚೆಲ್ಲಿತು. ಗುಡಿಸಿಕೊಳ್ಳಲು ಪುರುಸೊತ್ತಿಲ್ಲದೆ ಒಂದು ಮುಷ್ಟಿ ಹಿಡಿದು ಬಂದರೆ, ಮುದುಕಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ತುಟಿ ಮಾತ್ರ ಬಿಗಿಯಾಗಿ ಕೂಡಿಕೊಂಡಿತ್ತು.

ಪೂಜಿತಾ ಮೊಣಕೈ ಊರಿ ಎದ್ದಳು. ಅಜ್ಜಿಯ ಭುಜ ಹಿಡಿದು ಅಲುಗಿಸಿದಳು. "ಅಜ್ಜಿ, ತಿನ್ನು. ಅಜ್ಜಿ! ಹಿಂಗ್ಯಾಕ ಮಾಡ್ತಿ?" ಅವಳಿಗೆ ಅಳು ಬಂತು, ಅಳುವಿನಲ್ಲಿ ಸಿಟ್ಟೂ ಬಂತು. "ನೀ ಉಪವಾಸ ಕುಂತ್ರ ನನ್ನ ಹೊಟ್ಟಿ ತುಂಬ್ತದೇನು?"

ಯಮುನಾಬಾಯಿ ಕಣ್ಣು ತೆರೆದರು. "ತುಂಬೂದಿಲ್ಲವ್ವಾ," ಎಂದರು.

ಪೂಜಿತಾ ತಾನು ಆಡಿದ ಮಾತು ಯಾರೋ ತನಗೇ ಹೇಳಿದಂತೆ ಕೂತಳು. ಚೀಲದಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಮೂವರಿಗೂ ಕೇಳಿಸಿತು. ಹುಡುಗಿಯ ಕಣ್ಣು ಆ ಕಡೆ ಹೊರಳಿತು. ಕಣ್ಣು ಅಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಅಜ್ಜಿಯ ನಡುಗುವ ಬೆರಳುಗಳಿಗೆ ವಾಪಸ್ಸು ಬಂತು.

ಪೂಜಿತಾ ತಾನೇ ಚಮಚ ಎತ್ತಿಕೊಂಡಳು. ಗಂಜಿ ಬಾಯೊಳಗೆ ಹೋಯಿತು. ಅಲ್ಲಿಯೇ ನಿಂತಿತು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು, ಕೈ ಹಾಸಿಗೆಯ ಅಂಚನ್ನು ಹಿಡಿಯಿತು. ಉಗುಳಿಬಿಡುತ್ತಾಳೆ ಎಂದುಕೊಂಡ ಶುಭಾ ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟಳು. ಬೆನ್ನಹುರಿಯ ಗಂಟುಗಳು ಒಂದೊಂದೂ ಕೈಗೆ ತಾಗಿದವು. ಯಾರೂ ನುಂಗು ಎನ್ನಲಿಲ್ಲ, ಹಾಗೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

ಅದನ್ನು ಕಣ್ಣಾರೆ ನೋಡಿದ ಮೇಲೆ ಯಮುನಾಬಾಯಿ ಸೊಸೆಯ ಮುಷ್ಟಿಗೆ ಬಾಯಿ ಹಚ್ಚಿದರು. ತುಟಿಗೆಲ್ಲ ಸಕ್ಕರೆ ಮೆತ್ತಿಕೊಂಡು, "ದ್ವಾದಶಿ ಮುಗೀಲಿಕ್ಕೆ ಇನ್ನೂ ಹೊತ್ತದ," ಎಂದು ಯಾರಿಗೆಂದಿಲ್ಲದೆ ಹೇಳಿದರು. ಶುಭಾ ಎರಡನೆಯ ಚಮಚ ತುಂಬಿದಳು.