ಬೇಡವೆಂದ ಸೂಜಿ

ಶಹಾಬಾದಿನ ಹೆರಿಗೆ ಆಸ್ಪತ್ರೆಗೆ ಹೊರಡುವ ಮೊದಲು ಗುರುಲಿಂಗಮ್ಮ ಮನೆಯಲ್ಲಿದ್ದ ಗಂಟುಗಳನ್ನೆಲ್ಲ ಬಿಚ್ಚಿದಳು. ಟ್ರಂಕಿನ ಕೀಲಿ ತೆಗೆದಳು, ಜೋಳದ ಚೀಲದ ಬಾಯಿ ಸಡಿಲಿಸಿದಳು, ಎಮ್ಮೆಯ ಹಗ್ಗವನ್ನೂ ಗೂಟದಿಂದ ಬಿಡಿಸಿ ಗಂಡ ಬಸವಂತರಾಯನ ಕೈಗೆ ಕೊಟ್ಟಳು. ಹೆಣ್ಣಿಗೆ ಬ್ಯಾನೆ ಹತ್ತಿದಾಗ ಮನೆಯಲ್ಲಿ ಕಟ್ಟಿದ್ದು ಯಾವುದೂ ಇರಬಾರದು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕೊನೆಗೆ ಸೊಸೆ ಸೂಗಮ್ಮನ ಹೆರಳನ್ನೂ ಬಿಚ್ಚಿ ಬೆನ್ನ ಮೇಲೆ ಹರವಿದಳು.

"ಎಲ್ಲಾ ಬಿಚ್ಚಿದ್ರಿ ಅತ್ತಿ, ಮಾವನ ದೋತ್ರದ ಗಂಟೊಂದು ಬಿಟ್ರಿ ನೋಡ್ರಿ," ಎಂದಳು ಸೂಗಮ್ಮ, ಟಾಂಗಾದಲ್ಲಿ ಕುಳಿತ ಮೇಲೆ.

"ಬಾಯಿ ಮುಚ್ಚ ಹುಚ್ಚಿ, ಟಾಂಗಾದವ ಕೇಳ್ತಾನ," ಎಂದು ಗದರಿಸುತ್ತಲೇ ಗುರುಲಿಂಗಮ್ಮನಿಗೂ ನಗು ಬಂತು. ಹುಡುಗಿಗೆ ಇನ್ನೂ ನಗುವ ಶಕ್ತಿ ಇದೆಯಲ್ಲ ಎಂದು ಒಳಗೊಳಗೆ ಧೈರ್ಯವೂ ಬಂತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಸೂಗಮ್ಮನಿಗೆ ತಾಯಿ ಇರಲಿಲ್ಲ. ಇವಳು ಹತ್ತು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಕಾಳಗಿಯಲ್ಲಿದ್ದ ಅಣ್ಣಂದಿರು ಬಂದು ಕರೆದರೂ ಗುರುಲಿಂಗಮ್ಮ ಕಳಿಸಲಿಲ್ಲ. "ತಾಯಿ ಇಲ್ಲದ ತವರಿಗಿ ಹೋಗಿ ಯಾರ ಮಾರಿ ನೋಡ್ಕೋತ ಹಡೀಬೇಕು? ನಾ ಇದ್ದೀನಿ," ಎಂದಿದ್ದಳು. ಮಗ ಭಗವಂತನಿಗೆ ವಾಡಿಯಲ್ಲಿ ರೈಲ್ವೆ ಕೆಲಸ, ಅಂದು ಹಗಲು ಪಾಳಿ. ಹೀಗಾಗಿ ಅತ್ತೆಯೂ ಸೊಸೆಯೂ ಇಬ್ಬರೇ ಬಂದಿದ್ದರು.

ನರ್ಸು ರಶೀದಾಬೇಗಂ ಸೂಗಮ್ಮನನ್ನು ಒಳಗೆ ಮಲಗಿಸಿ ನೋಡಿ, ಪರದೆ ಸರಿಸಿ ವರಾಂಡಕ್ಕೆ ಬಂದಳು. ಫರ್ಸಿ ಕಲ್ಲು ಹಾಸಿದ ಕಟ್ಟೆಯ ಮೇಲೆ ಗುರುಲಿಂಗಮ್ಮ ತಂದಿದ್ದ ಬಟ್ಟೆಗಂಟಿನ ಗಂಟು ಬಿಚ್ಚುತ್ತಿದ್ದಳು.

"ಎಷ್ಟು ಗಂಟು ಬಿಚ್ಚಿದ್ರೂ ಕೂಸು ತನ್ನ ಟೈಮಿಗೇ ಬರ್ತದ ಯಮ್ಮಾ. ಚೊಚ್ಚಲ ಅದ, ಮಧ್ಯಾಹ್ನ ಆಗ್ತದ," ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಬ್ಯಾನಿ ಭಾಳ ಜೋರ್ ಅವ. ಹುಡುಗಿ ಸಣ್ಣಾಕಿ. ನೋವು ಕಡಿಮಿ ಮಾಡೋ ಸೂಜಿ ಅದ, ಡಾಕ್ಟರ್‌ಬಾಯಿ ಹಾಕಂದಾರ. ಹಾಕ್ಲೇನು? ನೀವು ಹೂಂ ಅನ್ರಿ," ಎಂದಳು.

ಗುರುಲಿಂಗಮ್ಮನ ಕೈ ನಿಂತಿತು.

"ಮಂಪರು ಬರ್ತದೇನು ಅದಕ್ಕ?"

"ಸ್ವಲ್ಪ ಬರ್ತದ. ಅಂದ್ರ..."

"ಬ್ಯಾಡವ್ವ. ನಮ್ಮ ಹುಡುಗಿಗಿ ಬ್ಯಾಡ. ಆಕಿ ಗಟ್ಟಿ ಇದ್ದಾಳ."

ಹಿರಿಯರು ಬೇಡ ಅಂದ ಮೇಲೆ ಅಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ನರ್ಸು ಕಾಗದದಲ್ಲಿ ಏನೋ ಬರೆದುಕೊಂಡು ಒಳಗೆ ಹೋದಳು. ಸೂಗಮ್ಮ ಮಲಗಿದ್ದ ಮಂಚ ಪರದೆಯ ಆಚೆ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಗುರುಲಿಂಗಮ್ಮನಿಗೆ ತನ್ನ ಮೊದಲ ಹೆರಿಗೆ ನೆನಪಾಯಿತು. ರಾಜ್ಯ ಒಂದಾದ ವರ್ಷ ಅವಳಿಗೆ ಹದಿನೇಳು ತುಂಬಿತ್ತು. ಎರಡು ದಿನ ಬ್ಯಾನೆ ತಿಂದ ಮೇಲೆ ಎತ್ತಿನ ಗಾಡಿಯಲ್ಲಿ ದೂರದ ದವಾಖಾನೆಗೆ ಒಯ್ದಿದ್ದರು. ಅಲ್ಲಿ ಎಚ್ಚರ ತಪ್ಪಿಸಬಹುದೇ ಎಂದು ಯಾರೋ ಅವಳ ತಾಯಿಯನ್ನು ಕೇಳಿದರು. ತಾಯಿ ಅಳುತ್ತ ಹೂಂ ಅಂದಳು. ಮೂಗಿನ ಮೇಲೆ ಸಿಹಿ ವಾಸನೆಯ ಬಟ್ಟೆ ಬಂತು. ಕಣ್ಣು ಬಿಟ್ಟಾಗ ಹೊಟ್ಟೆ ಬರಿದಾಗಿತ್ತು, ಮರುದಿನದ ಬಿಸಿಲು ಗೋಡೆಯ ಮೇಲಿತ್ತು. ಕೂಸು ಸತ್ತೇ ಹುಟ್ಟಿತ್ತಂತೆ, ಮಣ್ಣೂ ಮಾಡಿ ಬಂದಿದ್ದರು. ಹೆಣ್ಣು ಎಂದಷ್ಟೇ ಹೇಳಿದರು. ತಲೆಯಲ್ಲಿ ಕೂದಲು ಇತ್ತೇ, ಬಣ್ಣ ಯಾರದು ಎಂದು ಕೇಳಿದರೆ ತಾಯಿ ಮುಖ ತಿರುಗಿಸುತ್ತಿದ್ದಳು. ಮುಂದೆ ಮೂರು ಗಂಡುಮಕ್ಕಳನ್ನು ಅವಳು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ, ಕಣ್ಣು ತೆರೆದುಕೊಂಡೇ ಹಡೆದಿದ್ದಳು. ಆ ಮೊದಲನೆಯದರ ಮಾತನ್ನು ಸೂಗಮ್ಮನಿಗೆ ಎಂದೂ ಹೇಳಿರಲಿಲ್ಲ. ಬಸುರಿಗೆ ಅದನ್ನು ಹೇಳುವುದಾದರೂ ಹೇಗೆ?

ಹನ್ನೊಂದರ ಸುಮಾರಿಗೆ ಒಳಗಿನ ಕೂಗು ಹೆಚ್ಚಾಯಿತು. ಗುರುಲಿಂಗಮ್ಮ ತಡೆಯಲಾರದೆ ಪರದೆ ಸರಿಸಿ ಒಳಹೊಕ್ಕಳು. ಸೂಗಮ್ಮನ ಬಿಚ್ಚಿದ ಕೂದಲು ಬೆವರಿಗೆ ಕುತ್ತಿಗೆಗೆ ಅಂಟಿತ್ತು, ಕಚ್ಚಿಕೊಂಡ ತುಟಿಯಲ್ಲಿ ರಕ್ತವಿತ್ತು. ಟಾಂಗಾದಲ್ಲಿ ನಗೆಯಾಡಿದ ಹುಡುಗಿ ಇವಳೇನಾ ಅನಿಸಿತು.

"ಅತ್ತೀ," ಎಂದು ಅವಳು ಕೈ ಹಿಡಿದಳು. "ನನ್ನ ಕೈಲಿ ಆಗಲ್ದು. ನರ್ಸಬಾಯಿಗಿ ಹೇಳ್ರಿ. ಬಾಜೂ ಮಂಚದಾಕಿಗಿ ಏನೋ ಸೂಜಿ ಹಾಕಿದ್ರು, ಆಕಿ ಸುಮ್ಮನಾದ್ಳು. ನಂಗೂ ಹಾಕಂತ ಹೇಳ್ರಿ. ನಿಮ್ಮ ಕಾಲು ಬೀಳ್ತೀನಿ."

"ತಡಿ ಮಗಳ, ಇನ್ನ ಸ್ವಲ್ಪೊತ್ತು..."

"ಎಷ್ಟು ತಡೀಲಿ? ಮುಂಜಾನಿಂದ ತಡೀಲಿಕತ್ತೀನಲ್ಲ! ನಿಮಗ ಏನು ಗೊತ್ತು ನನ್ನ ಬ್ಯಾನಿ?"

ಆ ಮಾತು ಗುರುಲಿಂಗಮ್ಮನಿಗೆ ನಾಟಿತು. ನಿಜ, ಈ ಬ್ಯಾನೆ ತನಗೆ ಗೊತ್ತಿಲ್ಲ, ತನ್ನದು ಮಾತ್ರ ಗೊತ್ತು. ಇವಳು ನಾಲ್ಕು ಹೆಜ್ಜೆಯಲ್ಲೇ ಇದ್ದಳು, ಬಾಯಿ ಇತ್ತು, ಬುದ್ಧಿ ಇತ್ತು. ಆದರೂ ಪರದೆಯ ಹೊರಗೆ ನಿಂತು ತಾನು ಉತ್ತರ ಕೊಟ್ಟಿದ್ದಳು. ತನ್ನ ತಾಯಿ ಹೂಂ ಅಂದಳು, ತಾನು ಬೇಡ ಅಂದಳು. ಮಲಗಿದವಳನ್ನು ಅಂದೂ ಯಾರೂ ಕೇಳಲಿಲ್ಲ, ಇಂದೂ ಕೇಳಲಿಲ್ಲ.

ಅವಳು ಓಡಿಹೋಗಿ ನರ್ಸಿನ ತೋಳು ಹಿಡಿದಳು. "ಹಾಕವ್ವ, ಆ ಸೂಜಿ ಹಾಕು. ಹುಡುಗಿ ಕೇಳ್ಲಿಕತ್ತಾಳ."

ರಶೀದಾಬೇಗಂ ಬಂದು ಸೂಗಮ್ಮನನ್ನು ನೋಡಿ ತಲೆ ಅಲ್ಲಾಡಿಸಿದಳು. ಗುರುಲಿಂಗಮ್ಮನನ್ನು ಒಂದು ಬದಿಗೆ ಕರೆದು, "ಟೈಮ್ ಹೋಯ್ತು ಯಮ್ಮಾ. ಕೂಸು ಕೆಳಗ ಬಂದದ. ಈಗ ಹಾಕಿದ್ರ ಕೂಸಿಗೂ ಮಂಪರು ಹತ್ತತದ, ಹುಟ್ಟಿದ ಕೂಡ್ಲೆ ಉಸಿರು ಸರಿ ತಗೊಳ್ಳಂಗಿಲ್ಲ. ಮುಂಜಾನಿ ಕೇಳಿದಾಗ ಹೂಂ ಅಂದಿದ್ರ ಆಗ್ತಿತ್ತು," ಎಂದಳು.

"ಹಾಕಿದ್ರ ಪೂರಾ ಎಚ್ಚರ ತಪ್ತಿತ್ತಲ್ಲ?"

"ಯಾರಂದ್ರು? ಕಣ್ಣು ಎಳೀತಾವ ಅಷ್ಟ. ಕರದ್ರ ಓ ಅಂತಾರ. ಬಾಜೂದಾಕಿ ನೋಡ್ರಿ, ಚಾ ಕೇಳ್ಲಿಕತ್ತಾಳ. ಹೇಳಬೇಕಂದ್ರ ನೀವು ಮಾತು ಪೂರಾ ಮಾಡಾಕ ಎಲ್ಲಿ ಬಿಟ್ರಿ?"

ಗುರುಲಿಂಗಮ್ಮ ಮಂಚದ ಬಳಿಗೆ ಮರಳಿದಳು. ಡಾಕ್ಟರು ಬೇಡ ಅಂದರೆಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು.

"ಸೂಗಮ್ಮ, ಈಗ ಹಾಕಾಕ ಬರಂಗಿಲ್ಲಂತ. ಮುಂಜಾನಿ ನನಗ ಕೇಳಿದ್ರು. ನಾನೇ ಬ್ಯಾಡಂದೆ."

ಸೂಗಮ್ಮ ಅವಳನ್ನೇ ನೋಡಿದಳು. ಮುಂದಿನ ಬ್ಯಾನೆ ಏರುತ್ತಿತ್ತು. ಅತ್ತೆಯ ಕೈಯನ್ನು ಬಿಟ್ಟು ತಲೆಯ ಹಿಂದಿನ ಕಬ್ಬಿಣದ ಸರಳು ಹಿಡಿದುಕೊಂಡಳು. ಬರಿದಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗುರುಲಿಂಗಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹೊರಗೆ ಹೋಗಲಿಲ್ಲ. ನರ್ಸು ಹೋಗೆಂದರೂ ಹೋಗಲಿಲ್ಲ. ಒಂದೊಂದು ಕೂಗನ್ನೂ ನಿಂತು ಕೇಳಿದಳು.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೆ ಅತ್ತಿತು. ನರ್ಸು ಒರೆಸಿ ಬಟ್ಟೆಯಲ್ಲಿ ಸುತ್ತಿ ರೂಢಿಯಂತೆ ಅಜ್ಜಿಯ ಕೈಗೆ ಕೊಟ್ಟಳು. ಗುರುಲಿಂಗಮ್ಮ ಅದರ ಮುಖವನ್ನು ತಾನು ನೋಡುವ ಮೊದಲು ಬಾಗಿ ಸೂಗಮ್ಮನ ಎದೆಯ ಮೇಲಿಟ್ಟಳು. ಕೂಸಿನ ತಲೆಯ ತುಂಬ ಕೂದಲಿತ್ತು.

"ಹರಿದದ, ಹೊಲಿಗಿ ಹಾಕಬೇಕು," ಎಂದಳು ರಶೀದಾಬೇಗಂ, ಕೈ ತೊಳೆಯುತ್ತ. ಆಮೇಲೆ ಗುರುಲಿಂಗಮ್ಮನ ಕಡೆ ತಿರುಗಿದಳು. "ಮೊದಲ ಒಂದು ಸೂಜಿ ಹಾಕ್ತೀವಿ. ಯಮ್ಮಾ, ಇದಕ್ಕರೆ ಹೂಂ ಅಂತೀರೋ ಇಲ್ಲೋ?"

"ನನ್ನ ಯಾಕ ಕೇಳ್ತಿಯವ್ವ?" ಎಂದಳು ಗುರುಲಿಂಗಮ್ಮ. "ಹರಿದದ್ದು ಆಕಿದು. ಆಕಿನ್ನ ಕೇಳು. ಏನಾಗ್ತದ ಅಂಬೋದು ಪೂರಾ ಹೇಳಿ ಕೇಳು."

ನರ್ಸು ತುಸು ಬೆರಗಾಗಿ ಮಂಚದ ತಲೆದಿಂಬಿನ ಕಡೆ ಬಂದಳು. ಬಾಗಿ ಸೂಗಮ್ಮನಿಗೆ ಹೇಳಿದಳು: ಹೊಲಿಯುವ ಜಾಗಕ್ಕಷ್ಟೇ ಜೋಮು ಹಿಡಿಯುತ್ತದೆ, ಹಾಕುವಾಗ ಉರಿಯುತ್ತದೆ, ಆಮೇಲೆ ಗೊತ್ತಾಗುವುದಿಲ್ಲ.

ಸೂಗಮ್ಮ ಕೂಸಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಕೇಳಿಸಿಕೊಂಡಳು. ಅತ್ತೆಯ ಕಡೆ ನೋಡಲಿಲ್ಲ.

"ಮಂಪರು ಬರಂಗಿಲ್ಲಲ್ಲ? ಇದರ ಮಾರಿ ನಾ ಇನ್ನ ಸರಿ ನೋಡೇ ಇಲ್ಲ."

"ಬರಂಗಿಲ್ಲ."

"ಹಂಗಾದ್ರ ಹಾಕ್ರಿ."

ನರ್ಸು ಸೂಜಿ ತರಲು ಹೋದಳು. ಗುರುಲಿಂಗಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದಳು. ತನಗೂ ಒಂದು ಹೆಣ್ಣು ಕೂಸು ಹುಟ್ಟಿತ್ತು, ಅದರ ಮುಖ ತಾನು ನೋಡಲಿಲ್ಲ ಎಂಬುದನ್ನು ಇವಳಿಗೆ ಹೇಳಬೇಕು. ಇವತ್ತಲ್ಲ. ಇವತ್ತು ಹೇಳಿದರೆ ಕ್ಷಮೆ ಕೇಳಿದ ಹಾಗಾಗುತ್ತದೆ, ಇವಳು ಇಲ್ಲವೆನ್ನಲಾರದೆ ಕ್ಷಮಿಸಿಬಿಡುತ್ತಾಳೆ. ಅಂದು ಯಾಕೆ ಬೇಡವೆಂದಿರಿ ಎಂದು ಇವಳಾಗಿ ಕೇಳಿದ ದಿನ ಹೇಳಿದರಾಯಿತು.

ಅವಳು ಬಾಗಿ, ಕೂಸಿನ ಮುಖಕ್ಕೆ ಜಾರಿದ ಬಟ್ಟೆಯ ಅಂಚನ್ನು, ತಾಯಿಗೆ ಕಾಣುವ ಹಾಗೆ, ಒಂದು ಬೆರಳಿನಿಂದ ಸರಿಸಿದಳು.